ಭಾನುವಾರ ಕೇಳಿದ ಕರೆಗೆ ಸೋಮವಾರ ಓಗೊಡುವುದು ಹೇಗೆ?

ಧ್ಯಾನಕೂಟ ಮುಗಿಸಿ ಬಂದವರನ್ನು ನೋಡಿರುತ್ತೀರಿ. ಮೊದಲ ವಾರ ಬೆಳಗ್ಗೆ ಐದಕ್ಕೇ ಎದ್ದು ಸತ್ಯವೇದ ತೆರೆಯುತ್ತಾರೆ, ಮನೆಯವರ ಮೇಲೆ ರೇಗುವುದಿಲ್ಲ, ಟಿವಿ ಹಚ್ಚುವುದಿಲ್ಲ. ಎರಡನೆಯ ವಾರ ಅಲಾರಂ ಆರಕ್ಕೆ ಸರಿಯುತ್ತದೆ. ತಿಂಗಳು ತುಂಬುವಷ್ಟರಲ್ಲಿ ಎಲ್ಲ ಯಥಾಪ್ರಕಾರ. ಮಗಳ ಫೀಸು ಕಟ್ಟಬೇಕು, ಅತ್ತೆಯ ಬಿಪಿ ಮಾತ್ರೆ ತರಬೇಕು, ಆಫೀಸಿನಲ್ಲಿ ಮೇಲಿನವರ ಕಿರಿಕಿರಿ ಇದ್ದೇ ಇದೆ. "ಇದೆಲ್ಲ ಅಯ್ಯನವರಿಗೆ, ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ ಸರಿ. ನಮ್ಮಂಥ ಸಂಸಾರಸ್ಥರಿಗೆ ಎಲ್ಲಿ ಸಾಧ್ಯ?" ಎಂದು ಕೈಚೆಲ್ಲಿ, ಮುಂದಿನ ವರ್ಷದ ಕೂಟಕ್ಕೆ ಕಾಯುವವರೇ ಹೆಚ್ಚು.

ಸಂಸಾರ, ನೌಕರಿ, ಸಾಲ ಇವುಗಳ ನಡುವೆಯೇ ಇದ್ದುಕೊಂಡು ಯೇಸುವಿನ ಶಿಷ್ಯರಾಗಿ ಬಾಳಲು ಬರುತ್ತದೆ. ಉತ್ಸಾಹ ಇಳಿದ ಮೇಲೂ ಕೈಬಿಡದಂಥ ಕೆಲವು ಚಿಕ್ಕ ಕ್ರಮಗಳು ಬೇಕಾಗುತ್ತವೆ, ಅಷ್ಟೆ. ಅವನ್ನು ಇಲ್ಲಿ ಹೇಳಿದ್ದೇನೆ. ಬಲಿಪೂಜೆಗೆ ಹೋಗುವವರಿಗೂ ಆರಾಧನೆಗೆ ಹೋಗುವವರಿಗೂ ಇವು ಒಪ್ಪುತ್ತವೆ.

ಕರೆ ಬಂದದ್ದು ಕೆಲಸದ ಹೊತ್ತಿನಲ್ಲಿ

ಸುವಾರ್ತೆಗಳಲ್ಲಿ ಶಿಷ್ಯರಿಗೆ ಕರೆ ಬಂದ ಸಂದರ್ಭಗಳನ್ನು ಒಮ್ಮೆ ಗಮನಿಸಿ. ಸೀಮೋನ ಪೇತ್ರ ಮತ್ತು ಅಂದ್ರೆಯ ಗಲಿಲಾಯ ಸಮುದ್ರದಲ್ಲಿ ಬಲೆ ಬೀಸುತ್ತಿದ್ದರು. ಜೆಬೆದಾಯನ ಮಕ್ಕಳು ದೋಣಿಯಲ್ಲಿ ಕುಳಿತು ಹರಿದ ಬಲೆ ಸರಿಮಾಡುತ್ತಿದ್ದರು. ಮತ್ತಾಯ ಸುಂಕದ ಕಟ್ಟೆಯಲ್ಲಿ ಲೆಕ್ಕದ ಮುಂದಿದ್ದ. ಒಬ್ಬರೂ ದೇವಾಲಯದಲ್ಲಿ ಕೈಮುಗಿದು ಕುಳಿತಿರಲಿಲ್ಲ.

ಇವರೆಲ್ಲ ಎದ್ದು ಹೋದರು ಎಂಬುದನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ಹೋಗಬೇಡ ಎನಿಸಿಕೊಂಡವನೊಬ್ಬ ಇದ್ದಾನೆ, ಅವನನ್ನು ಮರೆತಿದ್ದೇವೆ. ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ಅಲೆಯುತ್ತಿದ್ದವನು ಗುಣವಾದ ಮೇಲೆ ತನ್ನನ್ನೂ ದೋಣಿಗೆ ಹತ್ತಿಸಿಕೊಳ್ಳಿ ಎಂದು ಬೇಡಿಕೊಂಡ. ಯೇಸು ಒಪ್ಪಲಿಲ್ಲ. ಮನೆಗೆ, ತನ್ನವರ ಹತ್ತಿರ ಹೋಗುವಂತೆ ಹೇಳಿ ಕಳಿಸಿದ. ಮಾರ್ಕನ ಐದನೆಯ ಅಧ್ಯಾಯದಲ್ಲಿ ಇದು ಇದೆ. ಯೆರಿಕೋವಿನ ಜಕ್ಕಾಯನಿಗೂ ಹುದ್ದೆ ಬಿಡು ಎಂದು ಹೇಳಿದ ದಾಖಲೆಯಿಲ್ಲ. ಹೆರೋದನ ಅಧಿಕಾರಿ ಕೂಜನ ಹೆಂಡತಿ ಯೋಹಾನಳು ತನ್ನ ಸ್ವಂತ ದುಡ್ಡಿನಿಂದ ಶಿಷ್ಯರ ಗುಂಪಿನ ಖರ್ಚು ನೋಡಿಕೊಂಡವರಲ್ಲಿ ಒಬ್ಬಳು. ಕಥೋಲಿಕ ಸಭೆ 1964ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ದಸ್ತಾವೇಜೊಂದರಲ್ಲಿ, ಪವಿತ್ರ ಬಾಳಿನ ಕರೆ ಎಲ್ಲ ವಿಶ್ವಾಸಿಗಳಿಗೂ ಇದೆ ಎಂದು ಒಂದು ಅಧ್ಯಾಯವನ್ನೇ ಬರೆಯಿತು. 2022ರ ಮೇ 15ರಂದು ಸಂತ ಪದವಿಗೇರಿದ ದೇವಸಹಾಯಂ ಪಿಳ್ಳೈ ತಿರುವಾಂಕೂರಿನ ಅರಮನೆ ನೌಕರ, ಮದುವೆಯಾಗಿದ್ದವರು.

ಚರಿತ್ರೆ ಇಷ್ಟು ಸಾಕು.

ನಿರ್ಧಾರಗಳು ಯಾಕೆ ಸಾಯುತ್ತವೆ?

"ಇನ್ನು ಮೇಲೆ ಒಳ್ಳೆಯ ಕ್ರೈಸ್ತನಾಗಿ ಬಾಳುತ್ತೇನೆ" ಎಂಬುದು ಬದುಕುಳಿಯುವ ನಿರ್ಧಾರವಲ್ಲ. ಅದಕ್ಕೆ ದಿನ ಇಲ್ಲ, ಹೊತ್ತಿಲ್ಲ. ಮಾಡಿದೆನೋ ಬಿಟ್ಟೆನೋ ಎಂದು ಹೇಳಲು ಯಾವ ಅಳತೆಯೂ ಇಲ್ಲ. ಯೇಸುವಿನ ಕರೆಗಳನ್ನು ನೋಡಿ: ಮರದಿಂದ ಇಳಿ, ಕೈ ಚಾಚು, ಬಲೆ ಬಿಡು, ಮನೆಗೆ ಹೋಗು. ಎಲ್ಲವೂ ಕೈಕಾಲಿಗೆ ಹೇಳಿದ ಮಾತುಗಳು. ಜಕ್ಕಾಯನ ಉತ್ತರವೂ ಹಾಗೆಯೇ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಲೆಕ್ಕದವನು ಲೆಕ್ಕದಲ್ಲೇ ಉತ್ತರ ಕೊಟ್ಟ.

ಆದ್ದರಿಂದ ಈ ಲೇಖನದ ಒಂದೇ ಸೂತ್ರ ಇದು: ನೀವು ಮಾಡುವ ಯಾವ ನಿರ್ಧಾರದಲ್ಲೂ ಒಬ್ಬರ ಹೆಸರು, ಒಂದು ಮೊತ್ತ ಅಥವಾ ಒಂದು ಹೊತ್ತು ಇರಲಿ. ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಅದು ಬರೀ ಆಸೆ. "ಸಂಬಂಧ ಸುಧಾರಿಸಿಕೊಳ್ಳುತ್ತೇನೆ" ಎಂದರೆ ಆಸೆ. "ಬುಧವಾರ ಸಂಜೆ ಅಣ್ಣನ ಮನೆಗೆ ಹೋಗುತ್ತೇನೆ" ಎಂದರೆ ಹೆಜ್ಜೆ.

ಏನು ಮಾಡಬೇಕು?

1. ದೊಡ್ಡ ಕರೆ ಹುಡುಕುವುದನ್ನು ನಿಲ್ಲಿಸಿ

"ದೇವರು ನನ್ನಿಂದ ಏನು ಬಯಸುತ್ತಾನೋ ತಿಳಿಯುತ್ತಿಲ್ಲ" ಎನ್ನುವವರಿಗೆ ನನ್ನದೊಂದು ಮರುಪ್ರಶ್ನೆ: ಈಗಾಗಲೇ ತಿಳಿದಿರುವುದರಲ್ಲಿ ಮಾಡದೆ ಉಳಿದದ್ದು ಯಾವುದು? ಹೆಚ್ಚಿನವರಿಗೆ ಒಂದು ನಿಮಿಷದೊಳಗೆ ಉತ್ತರ ಹೊಳೆಯುತ್ತದೆ. ಕೊಡಬೇಕಾದ ಕೈಗಡ, ಮಾತು ಬಿಟ್ಟ ತಂಗಿ, ಮುಚ್ಚಿಟ್ಟ ಸುಳ್ಳು, ಎಷ್ಟೋ ಸಲ ಮುಂದೂಡಿದ ಆಸ್ಪತ್ರೆ ಭೇಟಿ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಹೆಜ್ಜೆ ಈ ಹೆಜ್ಜೆ ಇಟ್ಟ ಮೇಲೆ ಕಾಣುತ್ತದೆ. ಮೀನುಗಾರರಿಗೂ ಅವತ್ತು ದಡದಲ್ಲಿ ಶಿಲುಬೆಯವರೆಗಿನ ದಾರಿಯ ನಕ್ಷೆ ಯಾರೂ ಕೊಡಲಿಲ್ಲ.

2. ಒಂದು ಸುವಾರ್ತೆ, ದಿನಕ್ಕೊಂದು ಅಧ್ಯಾಯ

ಶಿಷ್ಯನಾಗಬೇಕಾದರೆ ಗುರು ಹೇಗೆ ನಡೆದ, ಏನು ಮಾತಾಡಿದ ಎಂಬುದು ಗೊತ್ತಿರಬೇಕು. ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದು ಪ್ರಸಂಗದಲ್ಲಿ ಕೇಳಿದ ತುಣುಕುಗಳು, ಕ್ಯಾಲೆಂಡರಿನ ವಚನಗಳು ಮಾತ್ರ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಅದು ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ದಿನಕ್ಕೊಂದು ಓದಿದರೆ 16 ದಿನಕ್ಕೆ ಮುಗಿಯುತ್ತದೆ. ಆಮೇಲೆ ಲೂಕ, 24 ಅಧ್ಯಾಯ.

ಗಟ್ಟಿಯಾಗಿ ಓದಿ. ಕಣ್ಣೋಟದಲ್ಲಿ ಹಾರಿಹೋಗುವ ಮಾತು ನಾಲಿಗೆಯ ಮೇಲೆ ತಡೆಯುತ್ತದೆ. ವ್ಯಾಖ್ಯಾನದ ಪುಸ್ತಕ ಆಮೇಲೆ ನೋಡಿಕೊಳ್ಳಬಹುದು. ಓದಿ ಮುಗಿದ ಮೇಲೆ ಒಂದೇ ಪ್ರಶ್ನೆ: ಇದರಲ್ಲಿ ಇವತ್ತು ನಾನು ಮಾಡಬಹುದಾದ್ದು ಏನಿದೆ? ಏನೂ ಹೊಳೆಯದಿದ್ದರೆ ಬಿಡಿ, ನಾಳೆ ಇದೆ. ಮನೆಯಲ್ಲಿ ಸಂಜೆ ಕುಟುಂಬ ಪ್ರಾರ್ಥನೆಯೋ ಜಪಸರವೋ ನಡೆಯುತ್ತಿದ್ದರೆ ಅದಕ್ಕೇ ಇದನ್ನು ಸೇರಿಸಿಕೊಳ್ಳಿ. ಮಕ್ಕಳ ಕೈಗೆ ಪುಸ್ತಕ ಕೊಟ್ಟು ಓದಿಸಿ, ಮಧ್ಯೆ ಉಚ್ಚಾರ ತಿದ್ದಲು ಹೋಗಬೇಡಿ.

3. ರಾತ್ರಿ ಐದು ನಿಮಿಷ ದಿನದ ಲೆಕ್ಕ

ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದ ಜೆಸ್ವಿಟ್ ಗುರುಗಳ ಸಂಸ್ಥೆಯನ್ನು ಕಟ್ಟಿದವರು ಲೊಯೋಲದ ಸಂತ ಇಗ್ನೇಷಿಯಸ್. ಅವರ ಧ್ಯಾನಾಭ್ಯಾಸಗಳ ಕೈಪಿಡಿಗೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಮನಃಸಾಕ್ಷಿಯನ್ನು ದಿನವೂ ಪರೀಕ್ಷಿಸಿಕೊಳ್ಳುವ ಕ್ರಮವೊಂದಿದೆ. ಗೃಹಸ್ಥರಿಗೆ ಅಷ್ಟು ವಿಸ್ತಾರ ಬೇಡ, ಮೂರು ಮೆಟ್ಟಿಲು ಸಾಕು: ದಿನದಲ್ಲಿ ಸಿಕ್ಕ ಒಂದು ಒಳ್ಳೆಯದಕ್ಕೆ ವಂದನೆ ಹೇಳುವುದು, ಬೆಳಗಿನಿಂದ ರಾತ್ರಿಯವರೆಗೆ ನಡೆದದ್ದನ್ನು ಒಂದು ಸುತ್ತು ಹಾಕುವುದು, ನಾಳೆಗೆ ಒಂದು ಕೆಲಸ ಗೊತ್ತು ಮಾಡುವುದು.

ಕಿರಾಣಿ ಅಂಗಡಿ ಇಟ್ಟವರೊಬ್ಬರು ಇದನ್ನು ಹೇಗೆ ಮಾಡಬಹುದು ನೋಡಿ. ಶಟರ್ ಎಳೆದು ಗಲ್ಲಾ ಎಣಿಸಿ ಆಗಿದೆ. ಸ್ಟೂಲಿನ ಮೇಲೆ ಕುಳಿತಿದ್ದಾರೆ. ಬೆಳಗ್ಗೆ ಹಾಲಿನ ಗಾಡಿ ತಡವಾದರೂ ಗಿರಾಕಿಗಳು ಗೊಣಗದೆ ಕಾದರು, ಅದಕ್ಕೊಂದು ವಂದನೆ. ಹನ್ನೊಂದು ಗಂಟೆಗೆ ಹುಡುಗನೊಬ್ಬ ಐದು ರೂಪಾಯಿ ಹೆಚ್ಚಿಗೆ ಕೊಟ್ಟಿದ್ದ, ಕರೆದು ವಾಪಸ್ ಕೊಟ್ಟದ್ದಾಯಿತು. ಮಧ್ಯಾಹ್ನ ಹೋಲ್‌ಸೇಲಿನವನ ಜೊತೆ ಮಾತಿಗೆ ಮಾತು ಬೆಳೆಯಿತು, ಅಲ್ಲಿ ತಪ್ಪು ಅವನದೇ. ಸಂಜೆ? ಸಂಜೆ ಹಿಂದಿನ ಓಣಿಯ ಅಜ್ಜಿ ಅರ್ಧ ಕೆಜಿ ಸಕ್ಕರೆ ಉದ್ರಿ ಕೇಳಿದಳು. "ಹಿಂದಿನ ಬಾಕಿ ಯಾವಾಗಮ್ಮ ಕೊಡೋದು?" ಎಂದು ನಾಲ್ಕು ಗಿರಾಕಿಗಳ ಮುಂದೆ ಗದರಿಸಿದ್ದು ಈಗ ನೆನಪಾಗುತ್ತದೆ. ಅವಳು ಬರಿಗೈಲಿ ಹೋದಳು. ಕೊಡಬೇಕಾದ ಬಾಕಿ 180 ರೂಪಾಯಿ. ನಾಳೆಯ ಕೆಲಸ ಸಿಕ್ಕಿತು: ಹುಡುಗನ ಕೈಲಿ ಸಕ್ಕರೆ ಕಳಿಸುವುದಲ್ಲ, ತಾವೇ ಹೋಗಿ ಕೊಟ್ಟು, "ನಿನ್ನೆ ಹಾಗೆ ಕೂಗಬಾರದಿತ್ತಮ್ಮ" ಎನ್ನುವುದು. ಬಾಕಿ ಮನ್ನಾ ಮಾಡುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಗದರಿಸಿದ್ದಕ್ಕೆ ಮಾತ್ರ ಲೆಕ್ಕ ತೀರಿಸಲೇಬೇಕು.

ಈ ಐದು ನಿಮಿಷ ಇಲ್ಲದಿದ್ದರೆ ಅಜ್ಜಿ ನೆನಪಾಗುತ್ತಿರಲಿಲ್ಲ. ಹೋಲ್‌ಸೇಲಿನವನು ಮಾತ್ರ ನೆನಪಿರುತ್ತಿದ್ದ. ನಮಗೆ ಆದ ಅನ್ಯಾಯ ತಾನಾಗಿ ನೆನಪಿರುತ್ತದೆ, ನಾವು ಮಾಡಿದ್ದನ್ನು ಹುಡುಕಿ ತೆಗೆಯಬೇಕು. ಈ ಕ್ರಮ ಕೆಲಸ ಮಾಡುವುದು ಇದಕ್ಕೇ.

ಒಂದು ಎಚ್ಚರ: ಕೆಲವರಿಗೆ ತಮ್ಮ ತಪ್ಪು ಕೆದಕುವುದೇ ಗೀಳಾಗುತ್ತದೆ. ಹಾಗೆ ಅನ್ನಿಸಿದರೆ ಎರಡನೆಯ ಮೆಟ್ಟಿಲು ಬಿಟ್ಟು, ಕೆಲವು ವಾರ ವಂದನೆ ಮತ್ತು ನಾಳೆಯ ಕೆಲಸ ಇವೆರಡನ್ನೇ ಮಾಡಿ.

4. ದುಡ್ಡಿನ ವಿಷಯ

ಇಲ್ಲಿ ಸ್ವಲ್ಪ ನಿಲ್ಲಬೇಕು. ಶಿಷ್ಯತ್ವದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಪರ್ಸಿನ ಮಾತು ಬಂದರೆ ತಟ್ಟನೆ ವಿಷಯ ಬದಲಿಸುತ್ತೇವೆ. ಸುವಾರ್ತೆಗಳಲ್ಲಿ ಹಾಗಿಲ್ಲ. ಅಲ್ಲಿ ಸಾಲಗಾರರು, ಕೂಲಿಯಾಳುಗಳು, ಕಣಜ ಕಟ್ಟಿದ ಸಾಹುಕಾರ, ಎರಡು ಕಾಸು ಹಾಕಿದ ವಿಧವೆ ಹೆಜ್ಜೆ ಹೆಜ್ಜೆಗೂ ಸಿಗುತ್ತಾರೆ.

ಮೊದಲು ಬಾಕಿ, ಆಮೇಲೆ ಕಾಣಿಕೆ. ಹಾಲಿನವನ ಬಿಲ್ಲು, ಗಾರೆಯವನ ಉಳಿದ ಕೂಲಿ, ಗೆಳೆಯನಿಂದ ಪಡೆದ ಕೈಗಡ ಇವನ್ನು ಬಾಕಿ ಇಟ್ಟುಕೊಂಡು ಚರ್ಚಿನ ತಟ್ಟೆಗೆ ಐನೂರರ ನೋಟು ಹಾಕಿದರೆ, ಆ ನೋಟು ನಿಮ್ಮದಲ್ಲ, ಗಾರೆಯವನದು.

ಮನೆಕೆಲಸದವರ ಲೆಕ್ಕ ನೋಡಿ. ಕರ್ನಾಟಕದಲ್ಲಿ ಮನೆಕೆಲಸಕ್ಕೂ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನವಿದೆ, ಎಷ್ಟೆಂದು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಬಹುದು. ಬೆಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಭಾನುವಾರ ಕೆಲಸದವಳಿಗೆ ರಜೆ ಇರಲಿ, ನಾವು ಎಂಟರ ಆರಾಧನೆಗೆ ಹೋಗಬೇಕೆಂದು ಅವಳು ಆರಕ್ಕೇ ಬರಬೇಕಾಗುತ್ತದೆ. ಅವಳು ಹಿಂದುವೋ ಮುಸ್ಲಿಮಳೋ ಆಗಿರಬಹುದು. ವಾರಕ್ಕೊಂದು ವಿಶ್ರಾಂತಿಯ ದಿನದ ಆಜ್ಞೆ ಮನೆಯ ಆಳುಕಾಳುಗಳಿಗೂ ಸೇರಿದೆ ಎಂಬುದನ್ನು ಹತ್ತು ಆಜ್ಞೆಗಳ ಪಟ್ಟಿಯಲ್ಲೇ ನೋಡಬಹುದು.

ಸಂಬಳ ಬಂದ ದಿನವೇ ತೆಗೆದಿಡಿ. ತಿಂಗಳ ಕೊನೆಯಲ್ಲಿ ಉಳಿದರೆ ಕೊಡೋಣ ಎಂದರೆ ಯಾವ ತಿಂಗಳೂ ಉಳಿಯುವುದಿಲ್ಲ. ಎಷ್ಟು? ಹತ್ತರಲ್ಲೊಂದು ಎಂದು ಕಟ್ಟುನಿಟ್ಟಾಗಿ ಹೇಳುವ ಸಭೆಗಳಿವೆ, ಶಕ್ತಿಯಿದ್ದಷ್ಟು ಎನ್ನುವ ಸಭೆಗಳಿವೆ. ಸಾಲದಲ್ಲಿರುವವರು ನೂರಕ್ಕೆ ಎರಡರಿಂದ ಶುರುಮಾಡಬಹುದು ಎಂಬುದು ನನ್ನ ಅಭಿಪ್ರಾಯ. 25,000 ಸಂಬಳವಾದರೆ 500 ರೂಪಾಯಿ. ಕಡಿಮೆಯಾಯಿತು ಅನ್ನಿಸಬಹುದು. ತಪ್ಪದೆ ಕೊಟ್ಟ 500, ಉಕ್ಕಿ ಬಂದ ದಿನ ಕೊಟ್ಟು ಆಮೇಲೆ ಸಾಲ ಮಾಡಿಕೊಂಡ 5,000ಕ್ಕಿಂತ ಮೇಲು.

ಒಂದು ಪಾಲು ಸಭೆಯ ಮೂಲಕ ಹೋಗಲಿ. ಇನ್ನೊಂದು ಪಾಲು ನಿಮಗೆ ಮುಖ ಗೊತ್ತಿರುವ ಒಬ್ಬರಿಗೆ ಹೋಗಲಿ: ಪಕ್ಕದ ಬೀದಿಯ ಹುಡುಗಿಯ ಪರೀಕ್ಷಾ ಶುಲ್ಕ, ಕೆಲಸ ಹೋದವರ ಒಂದು ತಿಂಗಳ ಅಕ್ಕಿ. ಕೊಟ್ಟದ್ದು ಗುಟ್ಟಾಗಿರಲಿ. ನಮ್ಮ ದೇವಾಲಯಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರು ಬರೆಸಿರುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದವನ ಮನೆಯಲ್ಲೇ ಹೀಗೆ. ಫ್ಯಾನು ಕೊಡಿ, ಖಂಡಿತ ಕೊಡಿ. ಪೇಂಟರನ್ನು ಕರೆಯುವುದು ಬೇಡ.

ಅಂಗಡಿಯವರಾಗಿದ್ದರೆ ತಕ್ಕಡಿ, ಗುತ್ತಿಗೆದಾರರಾಗಿದ್ದರೆ ಸಿಮೆಂಟಿನ ಪ್ರಮಾಣ, ಬಾಡಿಗೆ ಮನೆಯವರಾಗಿದ್ದರೆ ಅಡ್ವಾನ್ಸ್ ವಾಪಸ್ ಕೊಡುವಾಗ "ಪೇಂಟಿಂಗ್" ಎಂದು ಮುರಿದುಕೊಳ್ಳುವ ಮೊತ್ತ. ಜಕ್ಕಾಯ ಇವತ್ತು ಕರ್ನಾಟಕದಲ್ಲಿದ್ದರೆ ಎಲ್ಲಿಂದ ಶುರುಮಾಡುತ್ತಿದ್ದ ಎಂದು ನೀವೇ ಹೇಳಬಲ್ಲಿರಿ.

5. ಮುರಿದ ಮಾತು ಕೂಡಿಸುವುದು

ಬಲಿಪೀಠದ ಹತ್ತಿರ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬ ಬೋಧನೆ ಮತ್ತಾಯನ ಐದನೆಯ ಅಧ್ಯಾಯದಲ್ಲಿದೆ. ಗಲಿಲಾಯದವರು ಕಾಣಿಕೆ ಅರ್ಪಿಸಬೇಕಾದದ್ದು ಯೆರೂಸಲೇಮಿನಲ್ಲಿ. ಅಲ್ಲಿಂದ ಊರಿಗೆ ಹಲವು ದಿನದ ನಡಿಗೆ. ಆ ದೂರ ಗೊತ್ತಿದ್ದೇ ಹೇಳಿದ ಮಾತು ಅದು.

ಇದಕ್ಕೆ ಒಂದು ವಿಧಾನ ಉಂಟು. ಮಾತು ಬಿಟ್ಟವರ ಹೆಸರುಗಳನ್ನು ಬರೆಯಿರಿ. ಎಲ್ಲಕ್ಕಿಂತ ದೊಡ್ಡ ಜಗಳದಿಂದ ಶುರುಮಾಡಬೇಡಿ, ಚಿಕ್ಕದನ್ನು ಆರಿಸಿಕೊಳ್ಳಿ. ವಾಟ್ಸಾಪ್ ಬೇಡ, ಖುದ್ದಾಗಿ ಹೋಗಿ. ದೂರವಿದ್ದರೆ ಫೋನು. ನಿಮ್ಮ ಪಾಲಿನ ತಪ್ಪನ್ನಷ್ಟೇ ಹೇಳಿ, ಅವರ ಪಾಲಿನದನ್ನು ಅವರಿಗೇ ಬಿಡಿ.

ಗದಗ-ಬೆಟಗೇರಿ ಕಡೆಯ ಅಣ್ಣತಮ್ಮಂದಿರು ಎಂದುಕೊಳ್ಳಿ. ಅಪ್ಪ ತೀರಿಕೊಂಡಾಗ ಮನೆ ಪಾಲಿನ ಮೇಲೆ ಮಾತು ಕೆಟ್ಟಿದೆ. ತಮ್ಮ ಹೀಗೆ ಹೇಳಬಹುದು:

"ಅಣ್ಣಾ, ಅಪ್ಪನ ಮಣ್ಣಿನ ದಿನ ನಾ ಎಲ್ಲಾರ ಮುಂದ ನಿಂಗ ಕಳ್ಳ ಅಂದೆ. ಅದು ತಪ್ಪಾತು. ಮನ್ನಿಸು. ಮನಿ ಪಾಲಿನ ಮಾತು ಬ್ಯಾರೆ, ಅದನ್ನ ಹಿರಿಯಾರ ಮುಂದ ಕುಂತು ಮಾತಾಡೂಣು."

ಹೀಗೆ ಹೇಳಬಾರದು:

"ನೀನೂ ಏನ್ ಕಮ್ಮಿ ಅಂದಿಲ್ಲ ಬಿಡು. ಆದ್ರೂ ನಾನ ದೊಡ್ಡ ಮನಸು ಮಾಡಿ ಬಂದೇನಿ."

ಎರಡನೆಯ ಮಾತು ಕೇಳಿದ ಅಣ್ಣ ಚಹಾ ಕೂಡ ಕೇಳಲಾರ. ಮೊದಲನೆಯದರಲ್ಲಿ ಎರಡು ಗುಣಗಳಿವೆ. ಯಾವ ದಿನ, ಯಾವ ಮಾತು ಎಂದು ಸ್ಪಷ್ಟವಾಗಿ ಹೆಸರಿಸಿದೆ. ಆಸ್ತಿಯ ಪ್ರಶ್ನೆಯನ್ನು ಬೇರೆ ಇಟ್ಟಿದೆ. ಕ್ಷಮೆ ಕೇಳಿದ ಮಾತ್ರಕ್ಕೆ ನ್ಯಾಯವಾದ ಪಾಲು ಬಿಟ್ಟುಕೊಡಬೇಕಾಗಿಲ್ಲ. ಈ ಎರಡನ್ನೂ ಗಂಟುಹಾಕಿಕೊಂಡೇ ಎಷ್ಟೋ ಮನೆಗಳಲ್ಲಿ ರಾಜಿ ಆಗದೆ ಉಳಿದಿದೆ.

ಅಣ್ಣ ಬಾಗಿಲು ಮುಚ್ಚಿದರೆ? ಮುಚ್ಚಲಿ. ನಿಮ್ಮ ಕೆಲಸ ಮುಗಿದಿದೆ. ಕ್ರಿಸ್ಮಸ್ಸಿಗೆ ಕುಸ್ವಾರ್ ಡಬ್ಬಿಯನ್ನೋ ಕರ್ಜಿಕಾಯಿಯನ್ನೋ ಕಳಿಸಿ ಕಾಯಿರಿ. ಇನ್ನೊಬ್ಬರೇ ನಿಮಗೆ ಅನ್ಯಾಯ ಮಾಡಿದ್ದಾದರೆ ಮತ್ತಾಯನ 18ನೆಯ ಅಧ್ಯಾಯ ಓದಿ. ಮೊದಲು ಇಬ್ಬರೇ ಮಾತಾಡುವುದು, ಆಗದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯುವುದು, ಸಭೆಯ ಮುಂದಿಡುವುದು ಕೊನೆಗೆ. ನಾವು ಸಾಮಾನ್ಯವಾಗಿ ಸ್ತ್ರೀಯರ ಸಂಘದಿಂದಲೋ ಪಂಚಾಯತ್ ಕಮಿಟಿಯಿಂದಲೋ ಶುರುಮಾಡಿ, ಆ ವ್ಯಕ್ತಿಯ ಹತ್ತಿರ ಮಾತ್ರ ಹೋಗುವುದೇ ಇಲ್ಲ.

6. ಕೆಲಸದ ಜಾಗ

17ನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬವರಿದ್ದರು. ಮೊದಲು ಸೈನಿಕ, ಮಠ ಸೇರಿದ ಮೇಲೆ ಹಲವು ವರ್ಷ ಅಡುಗೆಮನೆ, ಆಮೇಲೆ ಚಪ್ಪಲಿ ಹೊಲಿಯುವ ಕೆಲಸ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಮುಂದಿರಬಹುದು ಎಂಬುದನ್ನು ಅವರು ಮಾಡಿ ತೋರಿಸಿದರು. ಅವರ ಮಾತು, ಪತ್ರಗಳು ಪುಸ್ತಕವಾದದ್ದು 1691ರಲ್ಲಿ ಅವರು ತೀರಿಕೊಂಡ ಮೇಲೆ.

ಕಂಪ್ಯೂಟರಿಗೆ ಶಿಲುಬೆ ಅಂಟಿಸುವುದು ನಿಮ್ಮಿಷ್ಟ. ಇವನ್ನು ಮಾತ್ರ ತಪ್ಪಿಸಬೇಡಿ: ಕಿರಿಯರು ಮಾಡಿದ ಕೆಲಸಕ್ಕೆ ಅವರ ಹೆಸರು ಹೇಳುವುದು, ಬರುತ್ತೇನೆಂದ ಹೊತ್ತಿಗೆ ಬರುವುದು, ಕಡತ ಮುಂದಕ್ಕೆ ಸರಿಸಲು ಕೈ ಚಾಚದಿರುವುದು. ಕೊನೆಯದರಿಂದ ವರ್ಗಾವಣೆಯೂ ಆಗಬಹುದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಸಾಮತಿಯನ್ನು ಯೇಸು ಹೇಳಿದ್ದು ಇಂಥದಕ್ಕೇ. ಬೆಲೆ ಎಷ್ಟೆಂದು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ.

7. ಒಬ್ಬರೇ ನಡೆಯಬೇಡಿ

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯವರ ಮೆಥಡಿಸ್ಟರಿಗೆ ಕಟ್ಟಡದ ಸಾಲ ತೀರಿಸಬೇಕಿತ್ತು. ಸದಸ್ಯರನ್ನು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೆ ತಲೆಗೊಂದು ಪೆನ್ನಿ ವಸೂಲಿಗೆ ಒಬ್ಬೊಬ್ಬ ಮುಖಂಡನನ್ನು ನೇಮಿಸಿದರು. ವಸೂಲಿಗೆ ಮನೆಮನೆ ಹೋದವರಿಗೆ ಯಾರ ಮನೆಯಲ್ಲಿ ಕುಡಿತವಿದೆ, ಎಲ್ಲಿ ಜಗಳವಿದೆ ಎಲ್ಲ ಕಣ್ಣಿಗೆ ಬಿತ್ತು. ವೆಸ್ಲಿ ಆ ಗುಂಪುಗಳನ್ನೇ ಪರಸ್ಪರ ಆರೈಕೆಯ ಕೂಟಗಳಾಗಿ ಮಾಡಿದರು. ಮೆಥಡಿಸ್ಟ್ ಚಳವಳಿಯ ಬೆನ್ನೆಲುಬು ಹುಟ್ಟಿದ್ದು ಸಾಲ ವಸೂಲಿಯಿಂದ! ಬೀದರ್, ಕೋಲಾರದ ಮೆಥಡಿಸ್ಟ್ ಸಭೆಗಳ ಹಿನ್ನೆಲೆಯೂ ಅದೇ ಚಳವಳಿ.

ನಿಮಗೆ ಹನ್ನೆರಡು ಜನ ಬೇಡ, ಮೂರು ನಾಲ್ಕು ಸಾಕು. ವಾರಕ್ಕೋ ಹದಿನೈದು ದಿನಕ್ಕೋ ಒಂದು ಗಂಟೆ. ಕಳೆದ ಸಲ ಹೇಳಿದ ಹೆಜ್ಜೆ ಇಟ್ಟೆಯಾ, ಎಲ್ಲಿ ತೊಡಕಾಯಿತು, ಮುಂದಿನ ಹೆಜ್ಜೆ ಯಾವುದು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಕೇಳದೆ ಬುದ್ಧಿವಾದ ಹೇಳಬಾರದು, ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ತಿಂಡಿ ಸರಳವಾಗಿರಲಿ. ಚಕ್ಕುಲಿ, ಕೇಕು, ಬಿರಿಯಾನಿ ಎಂದು ಬೆಳೆಯತೊಡಗಿದರೆ ಮನೆ ಚಿಕ್ಕದಿರುವವರು ತಮ್ಮ ಸರದಿಗೆ ಹೆದರಿ ಬರುವುದನ್ನೇ ಬಿಡುತ್ತಾರೆ.

ಸಾಮಾನ್ಯವಾಗಿ ಎಡವುವುದು ಎಲ್ಲಿ?

ಚರ್ಚಿನ ಕೆಲಸವನ್ನೇ ಶಿಷ್ಯತ್ವ ಎಂದುಕೊಳ್ಳುವುದು. ಗಾಯನ ತಂಡ, ಕಮಿಟಿ, ಕಟ್ಟಡ ನಿಧಿ, ಹಬ್ಬದ ಪೆಂಡಾಲು, ವಾರದಲ್ಲಿ ಐದು ಸಂಜೆ ಹೊರಗೆ. ಇತ್ತ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ. ತಂದೆತಾಯಿಗೆ ಸಲ್ಲಬೇಕಾದ್ದನ್ನು ದೇವರಿಗೆ ಮೀಸಲು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸು ಖಂಡಿಸಿದ್ದು ಮಾರ್ಕನ ಏಳನೆಯ ಅಧ್ಯಾಯದಲ್ಲಿದೆ. ಇದನ್ನು ಪ್ರತಿ ಸಭೆಯ ಕಮಿಟಿ ಕೋಣೆಯಲ್ಲಿ ಓದಿಸಬೇಕು.

ಸಾಕ್ಷಿ ಎಂದರೆ ಸ್ಟೇಟಸ್ ಎಂದುಕೊಳ್ಳುವುದು. ಬೆಳಗ್ಗೆ ಆರಕ್ಕೆ ಐವತ್ತು ಜನಕ್ಕೆ ವಚನ ಕಳಿಸಿ, ಒಂಬತ್ತಕ್ಕೆ ವಾಚ್‌ಮನ್‌ನನ್ನು ಏಕವಚನದಲ್ಲಿ ಬೈದರೆ, ಆ ವಾಚ್‌ಮನ್ ಓದುವ ಸುವಾರ್ತೆ ಎರಡನೆಯದು.

ಎಲ್ಲವನ್ನೂ ಒಟ್ಟಿಗೆ ಶುರುಮಾಡುವುದು. ಮೇಲಿನ ಏಳನ್ನೂ ಮುಂದಿನ ಸೋಮವಾರದಿಂದ ಮಾಡಹೊರಟರೆ ಗುರುವಾರಕ್ಕೆ ಸುಸ್ತಾಗುತ್ತೀರಿ. ಎರಡನೆಯದನ್ನೂ ಮೂರನೆಯದನ್ನೂ ಹಿಡಿಯಿರಿ, ಉಳಿದದ್ದು ಅವುಗಳಿಂದಲೇ ಹೊರಬರುತ್ತದೆ.

ಒಂದು ಸಲ ಬಿದ್ದರೆ ಮುಗಿಯಿತು ಎಂದುಕೊಳ್ಳುವುದು. ಪೇತ್ರ ಮೂರು ಸಲ ಗುರುವಿನ ಪರಿಚಯವೇ ಇಲ್ಲವೆಂದ. ಯೋಹಾನನ ಕೊನೆಯ ಅಧ್ಯಾಯದಲ್ಲಿ ಅವನು ಮತ್ತೆ ಮೀನು ಹಿಡಿಯಲು ಹೊರಟಿದ್ದಾನೆ. ಪುನರುತ್ಥಾನಗೊಂಡ ಯೇಸು ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟುಕೊಂಡು ಕಾದಿದ್ದ. ಮೊದಲು ಊಟ ಹಾಕಿ, ಆಮೇಲೆ ಮೂರು ಸಲ ಅದೇ ಪ್ರಶ್ನೆ ಕೇಳಿ, ಮತ್ತೆ ಕೆಲಸ ಒಪ್ಪಿಸಿದ. ಹತ್ತು ದಿನ ಓದು ತಪ್ಪಿದರೆ ಹನ್ನೊಂದನೆಯ ದಿನ ಬಿಟ್ಟಲ್ಲಿಂದ ಓದಿ. ತಪ್ಪಿದ ಹತ್ತು ಅಧ್ಯಾಯಗಳ ದಂಡ ಕಟ್ಟಬೇಕಾಗಿಲ್ಲ.

ಎಚ್ಚರ ವಹಿಸಬೇಕಾದ ವಿಷಯಗಳು

ಹೊಡೆತ ತಿನ್ನುವುದು ಶಿಲುಬೆ ಹೊರುವುದಲ್ಲ. ಗಂಡನ ಹಿಂಸೆಯನ್ನು "ತಾಳಿಕೋ ಮಗಳೇ, ಇದು ನಿನ್ನ ಶಿಲುಬೆ" ಎಂದು ಸಮಾಧಾನ ಹೇಳುವವರು ಇವತ್ತಿಗೂ ಇದ್ದಾರೆ. ಯಾರು ಹೇಳಿದರೂ ಅದು ತಪ್ಪು ಬೋಧನೆ. ಐದನೆಯ ಅಂಶದಲ್ಲಿ ಹೇಳಿದ ರಾಜಿಯ ಮಾತು ಇಂಥ ಮನೆಗಳಿಗೆ ಅನ್ವಯಿಸುವುದಿಲ್ಲ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಪ್ರಾರ್ಥನೆ ಅಲ್ಲಿಂದಲೂ ಮಾಡಬಹುದು.

ಪ್ರಾರ್ಥನೆ ಮಾಡುತ್ತೇವೆ, ಮಾತ್ರೆ ನಿಲ್ಲಿಸು ಎನ್ನುವವರಿಂದ ದೂರವಿರಿ. ಸಕ್ಕರೆ ಕಾಯಿಲೆಗಾಗಲಿ ಮೂರ್ಛೆಗಾಗಲಿ ಖಿನ್ನತೆಗಾಗಲಿ ವೈದ್ಯರು ಹೇಳದೆ ಔಷಧಿ ಬಿಡಬಾರದು. ಮನಸ್ಸು ವಾರಗಟ್ಟಲೆ ಕುಗ್ಗಿದ್ದರೆ ಅದನ್ನು ವಿಶ್ವಾಸದ ಕೊರತೆ ಎಂದುಕೊಳ್ಳಬೇಡಿ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಸಾಲ ಮಾಡಿಯಾದರೂ "ಬಿತ್ತನೆ" ಕೊಡು, ನೂರ್ಮಡಿ ಬರುತ್ತದೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಲೆಕ್ಕಪತ್ರ ತೋರಿಸದ ಯಾವ ಸೇವೆಗೂ ಇದೇ ಮಾತು.

ನೌಕರಿ ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗಬೇಕು ಎನಿಸಿದರೆ ರಾಜೀನಾಮೆ ಪತ್ರ ಬರೆಯುವ ಮೊದಲು ಹೆಂಡತಿ ಅಥವಾ ಗಂಡ, ನಿಮ್ಮ ಸಭಾಪಾಲಕರು, ನಿಮ್ಮನ್ನು ಹೊಗಳದ ಒಬ್ಬ ಹಿರಿಯರು, ಈ ಮೂವರ ಹತ್ತಿರ ಮಾತಾಡಿ. ನಿಜವಾದ ಕರೆಯಾದರೆ ಒಂದು ವರ್ಷ ಕಾದರೂ ಆರಿಹೋಗುವುದಿಲ್ಲ.

ಎಲ್ಲಿಂದ ಶುರು?

ಮಾರ್ಕನ ಮೊದಲ ಅಧ್ಯಾಯದಿಂದ. ನಾಲ್ವರು ಮೀನುಗಾರರಿಗೆ ಕರೆ ಬಂದದ್ದು, ಜ್ವರ ಬಂದ ಸೀಮೋನನ ಅತ್ತೆಯ ಕೈ ಹಿಡಿದು ಎಬ್ಬಿಸಿದ್ದು, ಕತ್ತಲಿರುವಾಗಲೇ ಎದ್ದು ಯೇಸು ಒಬ್ಬನೇ ಪ್ರಾರ್ಥನೆಗೆ ಹೋದದ್ದು ಎಲ್ಲ ಅದರಲ್ಲೇ ಇದೆ. ಒಟ್ಟು 45 ವಚನ. ನಿಧಾನವಾಗಿ ಗಟ್ಟಿಯಾಗಿ ಓದಿದರೂ ಹತ್ತು ನಿಮಿಷ ಬೇಕಾಗುವುದಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಓದಿ.